ಬೆರಳಿಗೆ ಸಿಕ್ಕಿದ್ದು

ಎಡಗೈಯ ಗ್ಲೌಸ್ ಕಳಚಿ ಮಡಿಲಲ್ಲಿ ಮುಚ್ಚಿಟ್ಟುಕೊಂಡು ಗೌಹರ್ ನಳಿಗೆಯನ್ನು ಇನ್ನೊಮ್ಮೆ ಬೆರಳ ಸಂದಿನಲ್ಲಿ ಎಳೆದಳು. ಮತ್ತೆ ಅದೇ ಜಾಗದಲ್ಲಿ ಏನೋ ತಡೆಯಿತು. ಸಾಸಿವೆಯ ಕಾಲುಭಾಗದಷ್ಟೂ ಇಲ್ಲದ ಗಂಟು. ಲೆನ್ಸಿನಡಿ ಹಿಡಿದರೆ ಕಾಣದು, ಗ್ಲೌಸ್ ಹಾಕಿ ಮುಟ್ಟಿದರೆ ತಿಳಿಯದು.

ತೊಂಬತ್ತೆರಡರಲ್ಲಿ ಚಿಕ್ಕಬಳ್ಳಾಪುರದ ಹೊರಗೆ ಶುರುವಾದ ಆ ಫ್ಯಾಕ್ಟರಿಯಲ್ಲಿ ತಯಾರಾಗುತ್ತಿದ್ದದ್ದು ರೋಗಿಯ ರಕ್ತನಾಳದೊಳಗೆ ಇಳಿಸುವ ಸಪೂರ ಪ್ಲಾಸ್ಟಿಕ್ ನಳಿಗೆ. ಅದಕ್ಕೆ ಬರಿಗೈ ತಾಗಿಸಿದವರನ್ನು ಅವತ್ತೇ ಮನೆಗೆ ಕಳಿಸುತ್ತಿದ್ದರು. ಆದರೆ ಶಿಡ್ಲಘಟ್ಟದಲ್ಲಿ ಹನ್ನೆರಡು ವರ್ಷ ಕುದಿನೀರಿನ ರೇಷ್ಮೆಗೂಡುಗಳಲ್ಲಿ ಎಳೆ ಹುಡುಕಿದ ಬೆರಳಿಗೆ ಗ್ಲೌಸೆಂದರೆ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ. ಇಲ್ಲಿಗೆ ಬಂದ ಮೇಲೆಯೇ ಅವಳ ಕೈಯ ಬೊಬ್ಬೆಗಳು ಮಾಗಿದ್ದವು. ಈ ಕೆಲಸ ಹೋದರೆ ಮತ್ತೆ ಆ ಕುದಿನೀರೇ ಗತಿ.

ಪಕ್ಕದಲ್ಲಿ ಕೂತ ಅನಸೂಯಮ್ಮ ನೋಡಿಬಿಟ್ಟಳು. "ಸುಮ್ನೆ ಒಳ್ಳೇ ಮಾಲಿನ ಡಬ್ಬಕ್ಕೆ ಹಾಕಮ್ಮ. ನಿಂಗ್ಯಾಕೆ ಊರ ಉಸಾಬರಿ?" ಎಂದು ಪಿಸುಗುಟ್ಟಿದಳು.

"ಯಾರ್ದೋ ಎದೆಗೆ ಹೋಗೋದು ಇದು, ಅಕ್ಕ."

ಬಾಯಿ ಬಿಟ್ಟರೆ ಬಣ್ಣಗೇಡು ಎಂಬುದು ಗೌಹರಳಿಗೆ ತಿಳಿಯದ ಮಾತಲ್ಲ. ಆದರೂ ಸೂಪರ್‌ವೈಸರ್ ಚನ್ನಕೇಶವ ಹತ್ತಿರ ಬಂದಾಗ ಎದ್ದು ನಿಂತಳು.

"ಸಾರ್, ಈ ಮಾಲು ಹೋಗ್ಬಾರ್ದು. ಗಂಟೈತೆ."

ಅವನು ಲೆನ್ಸಿನಡಿ ತಿರುಗಿಸಿ ತಿರುಗಿಸಿ ನೋಡಿದ. ಗ್ಲೌಸಿನ ಬೆರಳು ಜಾರಿಸಿದ. "ಏನೂ ಇಲ್ವಲ್ಲಮ್ಮ. ಮಧ್ಯಾಹ್ನಕ್ಕೆ ಲಾರಿ ಬರ್ತೈತೆ. ನಿಂಗೆ ಹೆಂಗೆ ಗೊತ್ತಾಯ್ತು?"

ಗೌಹರ್ ಬರಿಗೈ ಮೇಲೆತ್ತಿ ತೋರಿಸಿದಳು.

"ಬುದ್ಧಿ ಐತೇನಮ್ಮ ನಿಂಗೆ? ಸಾವ್ರ ಸಲ ಹೇಳಿದೀನಿ!"

ಸಾಲಿನ ಹೆಂಗಸರೆಲ್ಲ ಕೈ ನಿಲ್ಲಿಸಿದರು. ಸಿಟ್ಟಿನಲ್ಲಿ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟ ಚನ್ನಕೇಶವ ಅಲ್ಲೇ ತಿರುಗಿದ. ತನ್ನ ಗ್ಲೌಸನ್ನೂ ಕಿತ್ತು, ನಳಿಗೆಯನ್ನು ಎಳೆದು ನೋಡಿದ. ತಿಳಿಯಲಿಲ್ಲ. ಕಣ್ಣು ಮುಚ್ಚಿ ನಿಧಾನವಾಗಿ ಮತ್ತೆ ಎಳೆದ. ಅವನ ಕೈ ಒಂದು ಕಡೆ ನಿಂತಿತು.

"ಮಿಷನ್ ನಿಲ್ಸ್ರೋ," ಎಂದು ಕೂಗಿದ. ಆಮೇಲೆ ಅವಳ ಮುಖ ನೋಡದೆ ಹೇಳಿದ: "ನಾಳೆಯಿಂದ ನೀನು ಬರೋ ಹಂಗಿಲ್ಲಮ್ಮ. ರೂಲ್ಸು ನಾನು ಮಾಡಿದ್ದಲ್ಲ." ನಳಿಗೆಯ ಸುರುಳಿಗಳತ್ತ ಕೈ ತೋರಿಸಿ, "ಎಲ್ಲಿಂದ ಕೆಟ್ಟೈತೆ ಅಂತ ತೋರ್ಸಿ ಹೋಗ್ತೀಯಾ? ಮುಟ್ಟಿದ್ದು ಹೆಂಗೂ ಬಿಸಾಕೋ ಮಾಲು," ಎಂದ.

ಗೌಹರಳಿಗೆ ಅಳು ಒತ್ತರಿಸಿ ಬಂತು. ನುಂಗಿಕೊಂಡು ಕೂತು, ಬಲಗೈಯ ಗ್ಲೌಸನ್ನೂ ತೆಗೆದಳು. ಬೆಳಗಿನ ಸುರುಳಿಗಳನ್ನೆಲ್ಲ ಅವಳ ಮುಂದೆ ತಂದು ಸುರಿದರು. ಗಂಟು ಸಿಕ್ಕಲ್ಲಿ ತುಂಡರಿಸಲು ಅನಸೂಯಮ್ಮ ಕತ್ತರಿ ಹಿಡಿದು ಎದುರಿಗೆ ಕೂತಳು.

"ಇಲ್ಲಿ," ಎಂದಳು ಗೌಹರ್.

ಅನಸೂಯಮ್ಮ ಕತ್ತರಿಸಿದಳು.

"ಇಲ್ಲೂ ಐತೆ."

ಮಿಷನ್ ನಿಂತ ಕೋಣೆಯಲ್ಲಿ ಕತ್ತರಿಯ ಸದ್ದೊಂದೇ ಕೇಳುತ್ತಿತ್ತು.