ಮುನಿಗಳಿಗೆ ಮಾಡಿದ ಅಡುಗೆ

ತುಷಾರನಿಗೆ ಇಂದುಬಾಯಿ ಮುಂಚೆಯೇ ಹೇಳಿದ್ದಳು, ಈ ಒಂದು ರವಿವಾರ ನಿನ್ನ ಮಂದಿಯನ್ನು ನಮ್ಮ ಗಲ್ಲಿಗೆ ತರಬೇಡ ಎಂದು. ಅವನು ಹೂಂ ಎಂದಿದ್ದ. ಹೂಂ ಎನ್ನುವುದಕ್ಕೆ ಅವನಿಗೆ ಎಂದೂ ಕಷ್ಟವಾದದ್ದಿಲ್ಲ.

ಇಂದುಬಾಯಿಯ ಅಕ್ಕನ ಮೊಮ್ಮಗ ಅವನು, ಪಕ್ಕದೂರಿನ ವಿಶ್ರಾಮಬಾಗದವನು. ರವಿವಾರಕ್ಕೊಮ್ಮೆ ಕೊರಳಿಗೆ ಗೈಡಿನ ಬಿಲ್ಲೆ ಹಾಕಿಕೊಂಡು, ಪುಣೆ ಮುಂಬಯಿಯ ಮಂದಿಯನ್ನು ಬೆನ್ನಿಗೆ ಕಟ್ಟಿಕೊಂಡು, ಮಿರಜೆಯನ್ನು ನಡೆಸಿ ತೋರಿಸುತ್ತಾನೆ. ದರ್ಗಾದ ಮುಂದೆ ಎರಡು ಮಾತು, ಸಿತಾರ ಮಾಡುವವರ ಅಂಗಡಿಯಲ್ಲಿ ಎರಡು ಮಾತು, ಬಸದಿಯ ಮುಂದೆ ಎರಡು ಮಾತು. ಎಲ್ಲ ಧರ್ಮ, ಎಲ್ಲ ಭಾಷೆ ಕೂಡಿ ಬಾಳಿದ ಊರು ಇದು ಎಂದು ಮೂಲೆಮೂಲೆಗೂ ಸಾರುತ್ತಾನೆ. ದರ್ಗಾದ ಮುಂದೆ ಹೂ ಮಾರುವ ಮುದುಕ ಅಂದು ಬೆಳಿಗ್ಗೆ ಇಂದುಬಾಯಿಯ ಬಾಗಿಲ ರಂಗೋಲಿ ಕಂಡವನೇ ಸೈಕಲ್ಲಿನಿಂದ ಇಳಿದು, ಅದನ್ನು ನೂಕಿಕೊಂಡು ಆಚೆ ಗೋಡೆಗುಂಟ ಹೋಗಿದ್ದ. ಅವನಿಗೆ ಯಾರೂ ಹೇಳಿರಲಿಲ್ಲ. ಕೂಡಿ ಬಾಳುವುದೆಂದರೆ ಅಷ್ಟೇ. ಅದನ್ನು ಬಿಲ್ಲೆ ಹಾಕಿಕೊಂಡು ಹೇಳಬೇಕಾಗಿಲ್ಲ.

ಬಸದಿಗೆ ಮುನಿಗಳೊಬ್ಬರು ಬಂದಿದ್ದರು. ಮರುದಿನ ಮುಂದಿನ ಊರಿಗೆ ಹೊರಡುವವರು. ಗಂಡ ಪಾಯಪ್ಪ ಇದ್ದಾಗ ಮುನಿಗಳು ಈ ಹೊಸ್ತಿಲಲ್ಲಿ ಎಷ್ಟೋ ಸಲ ನಿಂತಿದ್ದರು. ಅವನು ಹೋದ ಮೇಲೆ ಇಂದುಬಾಯಿಗೆ ಕೈ ಸಾಗಿರಲಿಲ್ಲ. ಈ ಸಲ ಮನಸ್ಸು ಗಟ್ಟಿ ಮಾಡಿ, ಸೊಸೆ ಮೃಣಾಲಳನ್ನು ಜೊತೆಗಿಟ್ಟುಕೊಂಡು, ಮಡಿಯಲ್ಲಿ ಅಡುಗೆ ಮಾಡಿದ್ದಳು. ಜೋಳದ ರೊಟ್ಟಿ, ಹೆಸರುಬೇಳೆ, ಸೋರೆಕಾಯಿ ಪಲ್ಯ. ಈ ಮುನಿಗಳು ಉಪ್ಪು, ಬೆಲ್ಲ, ತುಪ್ಪ ಬಿಟ್ಟವರು. ಹೀಗಾಗಿ ಯಾವುದರಲ್ಲೂ ಉಪ್ಪಿನ ಹರಳಿಲ್ಲ.

ಮುನಿಗಳು ದಿನಕ್ಕೊಮ್ಮೆ ಉಣ್ಣುವವರು. ಬಲಗೈ ಹೆಗಲ ಮೇಲಿಟ್ಟು, ಮನಸ್ಸಿನಲ್ಲಿ ಏನೋ ಒಂದು ಗುರುತು ಹಿಡಿದು ಹೊರಡುತ್ತಾರೆ. ಆ ಗುರುತು ಯಾವ ಬಾಗಿಲಲ್ಲಿ ಕಂಡಿತೋ ಅಲ್ಲಿ ನಿಲ್ಲುತ್ತಾರೆ. ಏನದು ಎಂದು ಯಾರಿಗೂ ಹೇಳುವುದಿಲ್ಲ. ಎಲ್ಲೂ ಕಾಣದಿದ್ದರೆ ಅಂದು ಉಪವಾಸ.

ಇಂದುಬಾಯಿ ಕಲಶ ಹಿಡಿದು, ಮೃಣಾಲ ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಂತರು. ಆಗ ಗಲ್ಲಿಯ ತುದಿಯಲ್ಲಿ ತುಷಾರನ ದನಿ ಕೇಳಿತು.

ಬಂದರು. ತಲೆಗೆ ಟೋಪಿ, ಕೈಯಲ್ಲಿ ನೀರಿನ ಬಾಟಲಿ, ಕಾಲಲ್ಲಿ ದಪ್ಪ ಬೂಟು. ಬೆಟ್ಟ ಹತ್ತಲು ಬಂದವರ ಹಾಗೆ. ಒಬ್ಬ ರಂಗೋಲಿಯ ಮೇಲೇ ನಿಂತು, ಅದರ ಫೋಟೋ ತೆಗೆಯಲು ರಂಗೋಲಿ ಎಲ್ಲಿದೆ ಎಂದು ಹುಡುಕಿದ. ಕಪ್ಪು ಕನ್ನಡಕದ ಹೆಂಗಸೊಬ್ಬಳು ಕಲಶವನ್ನು ತಾನೊಂದಿಷ್ಟು ಹಿಡಿಯಲೇ ಎಂದು ಕೈ ಚಾಚಿದಳು. ಇಂದುಬಾಯಿ ಒಂದು ಹೆಜ್ಜೆ ಹಿಂದೆ ಸರಿದಳು. ಅವರು ಮುಟ್ಟಿದರೆ ಮಡಿ ಹೋಯಿತು. ಮತ್ತೆ ಮಿಂದು ಬರುವಷ್ಟರಲ್ಲಿ ಮುನಿಗಳು ದಾಟಿ ಹೋಗುತ್ತಾರೆ. ದನ ಬಂದಿದ್ದರೆ ಹೊಯ್ ಎನ್ನಬಹುದಿತ್ತು. ದನಕ್ಕೆ ಅಷ್ಟು ತಿಳಿಯುತ್ತದೆ.

"ಹಿಂದಕ ಸರಿಸೋ ಅವರನ್ನ," ಎಂದಳು.

"ಎರಡ ಮಿನಿಟ, ಆಜಿ. ಪುಣೆದಿಂದ ಬಂದಾರ."

ಪುಣೆಯಿಂದ ಬಂದವರಿಗೆ ಅವನು ಮರಾಠಿಯಲ್ಲಿ ಇಂದುಬಾಯಿಯನ್ನು ತೋರಿಸತೊಡಗಿದ. ಮನೆಯಲ್ಲಿ ಇವರು ಇನ್ನೂ ಕನ್ನಡ ಆಡುತ್ತಾರೆ, ಇದು ಜೀವಂತ ಪರಂಪರೆ, ಎಂದ. ಜೀವಂತ ಇದ್ದವಳು ಭಾರದ ಕಲಶವನ್ನು ಕೈಯಿಂದ ಕೈಗೆ ಬದಲಿಸಿದ್ದು ಅವನಿಗೆ ಕಾಣಲಿಲ್ಲ.

ಅಷ್ಟರಲ್ಲಿ ಮುನಿಗಳು ಬಂದರು. ಮಂದಿಯೆಲ್ಲ ಅತ್ತ ಹೊರಳಿ, ಫೋನು ಎತ್ತಿ, ಬಾಗಿಲಿಗೆ ಅಡ್ಡವಾಗಿ ಗೋಡೆ ಕಟ್ಟಿದಂತೆ ನಿಂತುಬಿಟ್ಟರು. "ನಮೋಸ್ತು, ಸ್ವಾಮಿ, ಅತ್ರ ತಿಷ್ಠ, ತಿಷ್ಠ," ಎಂದು ಇಂದುಬಾಯಿ ಆ ಬೆನ್ನುಗಳ ಹಿಂದಿನಿಂದ ಮುನಿಗಳನ್ನು ಇಲ್ಲಿ ನಿಲ್ಲಲು ಕೂಗಿ ಕರೆದಳು. ಬೆನ್ನುಗಳ ಸಂದಿಯಲ್ಲಿ ಮುನಿಗಳ ಕೈಯ ನವಿಲುಗರಿಯ ಪಿಂಛಿ ಒಂದು ಕ್ಷಣ ನಿಂತಂತೆ ಕಂಡಿತು. ಆಮೇಲೆ ಮುಂದೆ ಹೋಯಿತು. ಗಲ್ಲಿಯ ಕೊನೆಯ ಬಾಗಿಲನ್ನೂ ದಾಟಿ ಮುನಿಗಳು ಹೆಗಲ ಮೇಲಿನ ಕೈ ಇಳಿಸಿದರು, ಬಸದಿಗೆ ತಿರುಗಿ ನಡೆದರು.

ಉಪವಾಸ.

ತಪ್ಪು ಈ ಮಂದಿಯದೇ ಎಂದು ಹೇಳಲೂ ಬಾರದು. ಗುರುತು ಮುನಿಗಳೊಬ್ಬರಿಗೇ ಗೊತ್ತು. ಆದರೆ ಹೊಸ್ತಿಲೇ ಕಾಣದ ಮೇಲೆ ಗುರುತು ಎಲ್ಲಿಂದ ಕಾಣಬೇಕು?

ತುಷಾರ ದನಿ ಇಳಿಸಿ ತನ್ನವರಿಗೆ ತಿಳಿಸಿದ, ಮುನಿಗಳು ಇಂದು ಏನೂ ಉಣ್ಣುವುದಿಲ್ಲ, ಇದು ನೋಡಸಿಗುವುದೇ ಅಪರೂಪ, ನಿಮ್ಮ ಭಾಗ್ಯ. ಅವರು ಚಪ್ಪಾಳೆ ತಟ್ಟಿದರು. ಒಂದು ಜೀವ ಹಸಿದು ಹೋದದ್ದಕ್ಕೆ ಚಪ್ಪಾಳೆ ತಟ್ಟಿದ್ದನ್ನು ಇಂದುಬಾಯಿ ಇಷ್ಟು ವರ್ಷ ಬದುಕಿಯೂ ಕಂಡಿರಲಿಲ್ಲ.

ಮಂದಿ ತುಸು ಸರಿದ ಮೇಲೆ ತುಷಾರ ಹೊಸ್ತಿಲ ಹತ್ತಿರ ಬಂದ.

"ಆಜಿ, ಅಡಗಿ ಹ್ಯಾಂಗೂ ಉಳೀತು. ಇವರಿಗೆ ನಾಕ ತುತ್ತ ಹಾಕ್ತೀ? ಕಡೀಕ ಜೈನ ಮನಿ ಊಟ ಐತಿ ಅಂತ ಮೊದಲ ಹೇಳೇನಿ."

ಮೊದಲೇ ಹೇಳಿದ್ದ. ಮುನಿಗಳು ನಿಂತರೂ ಅವನಿಗೆ ತೋರಿಸಲು ಒಂದು ಆಟ, ನಿಲ್ಲದಿದ್ದರೆ ಉಣಿಸಲು ಒಂದು ಊಟ. ಇಂದುಬಾಯಿ ಕಲಶ ಇಳಿಸಿದಳು. ಅತ್ತೆಯ ಮುಖ ನೋಡಿ ಮೃಣಾಲ ತಾಟು ತರಲು ಒಳಗೆ ಹೋದಳು.

"ಬೂಟ ಕಳದ ಬರ್ರಿ. ಕುಂದ್ರಿ," ಎಂದಳು ಇಂದುಬಾಯಿ.

ಪಡಸಾಲೆಯಲ್ಲಿ ಸಾಲಾಗಿ ಕೂಡಿಸಿ, ತಾಟು ತುಂಬ ಬಡಿಸಿದಳು. ಅವರು ಮೊದಲು ತಾಟಿನ ಫೋಟೋ ತೆಗೆದುಕೊಂಡರು. ಆಮೇಲೆ ತುತ್ತು ಬಾಯಿಗಿಟ್ಟರು. ಬಾಯಿಗಳು ನಿಂತವು. ಬೆಳಿಗ್ಗೆ ಸಿತಾರದ ಬುರುಡೆ ಬಡಿದು ವಾಹ್ ಎಂದವನು ಸೋರೆಕಾಯಿ ಅಗಿದು ನೀರಿನ ಬಾಟಲಿಗೆ ಕೈ ಹಾಕಿದ. ಕನ್ನಡಕದ ಹೆಂಗಸು ಉಪ್ಪು ಕೇಳಿದಳು. ಮುನಿಗಳು ಬಿಟ್ಟದ್ದನ್ನು ಇಂದು ಈ ಮನೆಯಲ್ಲಿ ಬಡಿಸುವುದಿಲ್ಲವೆಂದು ಇಂದುಬಾಯಿ ಹೇಳಿದಳು. ತುಷಾರ ಅದನ್ನು ಮರಾಠಿಗೆ ಇಳಿಸಿದ. ಹೆಂಗಸು ತಾಟು ಸರಿಸಿ ಏಳಹೋದಳು.

"ತುಷಾರ, ಅವರಿಗೆ ಹೇಳು. ಮುನಿಗಳಿಗೆ ಮಾಡಿದ್ದನ್ನ ತಾಟಿನ್ಯಾಗ ಬಿಟ್ಟ ಏಳಬಾರದು. ನೀನೂ ಕುಂದ್ರು."

ಅವನು ಕುಳಿತ. ಇಂದುಬಾಯಿ ಎದುರಿಗೆ ಕಂಬಕ್ಕೆ ಒರಗಿ ಕುಳಿತಳು. ಅವಸರ ಮಾಡಲಿಲ್ಲ, ಸಿಟ್ಟು ಮಾಡಲಿಲ್ಲ. ಒಬ್ಬೊಬ್ಬರನ್ನೂ ಕಡೆಯ ತುತ್ತಿನವರೆಗೂ ನೋಡಿದಳು. ನೋಡುವುದಕ್ಕೇ ತಾನೇ ಅವರು ಬಂದದ್ದು. ನೋಡಿಸಿಕೊಳ್ಳುವುದು ಹೇಗಿರುತ್ತದೆಂದು ಅವರಿಗೂ ಒಂದಿಷ್ಟು ತಿಳಿಯಲಿ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಎಲ್ಲರೂ ಬೂಟು ಏರಿಸಿಕೊಂಡು ಹೊರಬಿದ್ದ ಮೇಲೆ ತುಷಾರ ಬಾಗಿಲಲ್ಲಿ ನಿಂತು, ಮುಂದಿನ ರವಿವಾರವೂ ಕರೆದುಕೊಂಡು ಬರಲೇ ಎಂದು ಕೇಳಿದ.

"ಬಾ," ಎಂದಳು ಇಂದುಬಾಯಿ. "ಉಪ್ಪ ಮಾತ್ರ ಹಾಕೂದಿಲ್ಲ."

ತಾಟು ತೊಳೆದಿಟ್ಟು, ಉಳಿದ ರೊಟ್ಟಿಯನ್ನು ಸೊಸೆಗೆ ಕೊಟ್ಟಳು. ತಾನು ಉಣ್ಣಲಿಲ್ಲ. ಬೂಟಿನ ಕಾಲಿಗೆ ಅಳಿದ ರಂಗೋಲಿಯ ಮೇಲೆ ಕಲಶದ ನೀರು ಹೊಯ್ದು, ಬಾಗಿಲು ಮುಂದೆ ಮಾಡಿದಳು.