ಬಣ್ಣದಕ್ಕನ ರೆಸ್ಯೂಮ್

ಬಣ್ಣದ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಗಿರಾಕಿಗಳು ಗೋಡೆಯ ಚಕ್ಕೆಯನ್ನೋ ಮಾಸಿದ ಪರದೆಯ ತುಂಡನ್ನೋ ತಂದು 'ಇದೇ ಬಣ್ಣ ಬೇಕು' ಎಂದರೆ, ಕಿಟಕಿಯ ಪಕ್ಕ ಕೂತು ಹನಿಹನಿಯಾಗಿ ಬೆರೆಸಿ ಅದೇ ಬಣ್ಣ ಬರಿಸುವುದು ಅವಳ ಕೆಲಸ. ಆಗೆಲ್ಲ ಅವಳಿಗೆ ಕಣ್ಣು ತೆರೆದುಕೊಂಡೇ ನಿದ್ದೆ ಮಾಡಿದ ಹಾಗಾಗುತ್ತಿತ್ತು. ಬಿಳಿಯೊಳಗೆ ಬಿದ್ದ ಒಂದು ಹನಿ ಕಪ್ಪು ಹೊಗೆಯಂತೆ ಸುರುಳಿ ಬಿಚ್ಚುತ್ತ ಕರಗುವುದನ್ನು ನೋಡುತ್ತಿದ್ದರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಆಮೇಲೆ ಅಪ್ಪನಿಗೆ ಮರೆವು ಹಿಡಿಯಿತು. ದುಡಿಯುವ ಕಾಲದಲ್ಲಿ ಅವರು ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿ ಬರುತ್ತಿದ್ದವರು. ನಿವೃತ್ತರಾದದ್ದು ಮರೆತುಹೋಯಿತು, ಹೆಂಡತಿ ತೀರಿಕೊಂಡದ್ದು ಮರೆತುಹೋಯಿತು. ಮೀಟರ್ ಓದಬೇಕು ಎನ್ನುವುದೊಂದು ಮಾತ್ರ ಉಳಿಯಿತು. ಬೆಳಗಾದರೆ ಶೂ ಹಾಕಿಕೊಂಡು ಹೊರಟೇಬಿಡುವರು. ಅವರನ್ನು ಮನೆಯಲ್ಲಿ ಕೂಡಿಹಾಕಲು ಮನಸ್ಸು ಬಾರದೆ ಅವಳು ಕೆಲಸ ಬಿಟ್ಟಳು. ಮಂಜು ಮುಸುಕಿದ ಬೀದಿಗಳಲ್ಲಿ ಅಪ್ಪ ಮುಂದೆ, ಮಗಳು ಹಿಂದೆ. ಯಾರದೋ ಗೇಟಿನ ಬಳಿ ಬಗ್ಗಿ ಅಪ್ಪ ಗಾಳಿಯಲ್ಲಿ ಅಂಕಿ ಓದುವರು. ಮನೆಯವರು ಹೊರಗೆ ಬಂದು, "ಹೇಗಿದೆ ಸರ್ ಈ ತಿಂಗಳು?" ಎನ್ನುವರು. "ಪರವಾಗಿಲ್ಲ, ಹಿಡಿತದಲ್ಲಿದೆ," ಎಂದು ಗಂಭೀರವಾಗಿ ಹೇಳಿ ಅಪ್ಪ ಮುಂದಿನ ಮನೆಗೆ ನಡೆಯುವರು. ಹೀಗೆ ನಡೆಯುತ್ತಲೇ ವರ್ಷಗಳು ಕಳೆದವು. ಒಂದು ಮಧ್ಯಾಹ್ನ ಊಟ ಮಾಡಿ ಒರಗಿದ ಅಪ್ಪ ಮತ್ತೆ ಏಳಲಿಲ್ಲ.

ಅಪ್ಪ ಹೋದ ಮೇಲೂ ಬೆಳಗಿನ ಹೊತ್ತು ಅವಳ ಕಾಲುಗಳು ತಾವಾಗಿಯೇ ಬಾಗಿಲ ಕಡೆ ಹೋಗುತ್ತಿದ್ದವು. ಹೊಸ್ತಿಲಲ್ಲಿ ನಿಂತು, ಮುಂದೆ ಯಾರೂ ಇಲ್ಲದ್ದನ್ನು ಕಂಡು, ಬಂದು ಕಿಟಕಿಯ ಬಳಿ ಕೂರುವಳು. ಹಾಗೆ ಕೂತಿದ್ದಾಗಲೇ ಒಂದು ದಿನ ತಮ್ಮ ಬಂದ. ಅವನು ಲಿಫ್ಟ್ ರಿಪೇರಿ ಮಾಡುವವನು. ಯಾವುದೇ ಆಗಲಿ ನಡುವೆ ನಿಂತರೆ ಅವನಿಗೆ ತಡೆಯದು.

"ಅಕ್ಕಾ, ಹೀಗೆ ಕಿಟಕಿ ನೋಡ್ಕೊಂಡು ಕೂತ್ರೆ ಹೊಟ್ಟೆ ತುಂಬುತ್ತಾ? ಎಲ್ಲಾದ್ರೂ ಅರ್ಜಿ ಹಾಕು."

"ಹಾಕಿದ್ದೆ ಕಣೋ. ಯಾರೂ ಕರೀಲಿಲ್ಲ."

ಅವಳು ತಾನೇ ಬರೆದಿದ್ದ ಹಾಳೆ ತೋರಿಸಿದಳು. ತಮ್ಮ ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದೇನಿದು, ದಿನಸಿ ಚೀಟಿ ಇದ್ದ ಹಾಗಿದೆ! ಇದನ್ನ ಬರೆದುಕೊಡೋಕೇ ಈಗ ಜನ ಇದ್ದಾರೆ. ನಾನು ಲಿಫ್ಟ್ ನೋಡ್ಕೊಳ್ಳೋ ಕಟ್ಟಡದಲ್ಲೇ ಒಂದು ಆಫೀಸಿದೆ. ನಡಿ."

ಆ ಆಫೀಸಿನಲ್ಲಿ ಗೋಡೆಗಳೆಲ್ಲ ಗಾಜು. ಒಬ್ಬರ ನೆರಳು ಇನ್ನೊಬ್ಬರ ಮೈಮೇಲೆ ಹಾದುಹೋಗುತ್ತಿತ್ತು. ನುಣ್ಣಗೆ ತಲೆ ಬಾಚಿದ ಸಲಹೆಗಾರನೊಬ್ಬ ಅವಳ ಹಾಳೆಯ ನಡುವಿನ ಖಾಲಿ ಜಾಗದ ಮೇಲೆ ಪೆನ್ನು ಊರಿದ.

"ಈ ವರ್ಷಗಳಲ್ಲಿ ಏನು ಮಾಡ್ತಿದ್ರಿ ಮೇಡಂ?"

"ಅಪ್ಪನ ಹಿಂದೆ ನಡೀತಿದ್ದೆ."

ಅವನು ತಮಾಷೆ ಎಂದುಕೊಂಡು ನಕ್ಕ. ಆಮೇಲೆ, "ಇಲ್ಲಿ ಸ್ವತಂತ್ರ ಬಣ್ಣ ಸಲಹೆಗಾರ್ತಿ ಅಂತ ಹಾಕೋಣ. ಯಾರು ಹೋಗಿ ವಿಚಾರಿಸ್ತಾರೆ?" ಎಂದು, ಟಕಟಕ ಒತ್ತಿ, ಒಂದು ಮಾದರಿ ಪ್ರತಿ ತೆಗೆದುಕೊಟ್ಟ. ಒಪ್ಪಿಗೆಯಾದರೆ ತಿಳಿಸಬೇಕಂತೆ.

ಮನೆಗೆ ಬಂದು ಸಂಜೆಯ ಮಬ್ಬಿನಲ್ಲಿ ಓದಿದಳು. ಬಹುಮುಖ ಪ್ರತಿಭೆ. ಗುರಿ ತಲುಪುವ ಛಲ. ಒತ್ತಡದಲ್ಲೂ ತಂಡವನ್ನು ಮುನ್ನಡೆಸಬಲ್ಲವಳು. ಓದುತ್ತ ಓದುತ್ತ ಅಲ್ಲೇ ತೂಕಡಿಸಿದಳು. ಹಾಳೆಯೊಳಗಿನ ಹೆಂಗಸು ಎತ್ತರದ ಚಪ್ಪಲಿ ಮೆಟ್ಟಿಕೊಂಡು ಮನೆಯೆಲ್ಲ ಓಡಾಡಿದಳು, ಕಪಾಟುಗಳನ್ನು ತೆರೆದಳು, ಬಾಗಿಲು ದಾಟಿ ಬೀದಿಗಿಳಿದಳು. ಬೀದಿಯಲ್ಲಿ ಅಪ್ಪ ಯಾರದೋ ಗೇಟಿನ ಬಳಿ ಬಗ್ಗಿ ನಿಂತಿದ್ದರು. ಆ ಹೆಂಗಸು ಅವರನ್ನು ದಾಟಿಕೊಂಡು ಸರಸರನೆ ಹೋಗಿಬಿಟ್ಟಳು, ತಿರುಗಿಯೂ ನೋಡಲಿಲ್ಲ. ಆ ಹೆಂಗಸಿಗೆ ಅಪ್ಪನೇ ಇರಲಿಲ್ಲ.

"ಇವರು ಬೇಡ," ಎಂದು ಎದ್ದ ಕೂಡಲೇ ತಮ್ಮನಿಗೆ ಫೋನು ಮಾಡಿದಳು.

"ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನೀನು ಒಂದೇ ಒಂದು ಸುಳ್ಳಿಗೆ ಇಷ್ಟು ಹಿಂದೆಮುಂದೆ ನೋಡ್ತೀಯಲ್ಲಕ್ಕ!"

"ಮದುವೆ ಮಾಡಿದೋರು ಊಟ ಮಾಡಿ ಹೊರಟುಹೋಗ್ತಾರೆ ಕಣೋ. ಆಮೇಲೆ ಆ ಸುಳ್ಳಿನ ಜೊತೆ ಸಂಸಾರ ಮಾಡೋರು ಯಾರು?"

ತಮ್ಮ ಬಿಡಲಿಲ್ಲ. ಮರುದಿನ ಫೋನಿನಲ್ಲೇ ರೆಸ್ಯೂಮ್ ಬರೆದುಕೊಡುವ ಇನ್ನೊಂದು ಕಂಪನಿಯನ್ನು ಹುಡುಕಿ ಕಳಿಸಿದ. ಅಲ್ಲಿ ಮನುಷ್ಯರೇ ಇರಲಿಲ್ಲ; ಪ್ರಶ್ನೆಗಳು ಒಂದರ ಹಿಂದೊಂದು ತೇಲಿ ಬರುತ್ತಿದ್ದವು. ಆ ವರ್ಷಗಳ ಜಾಗಕ್ಕೆ ಬಂದಾಗ 'ಖಾಲಿ ಬಿಡುವಂತಿಲ್ಲ' ಎಂದು ಕೆಂಪಗೆ ಮಿನುಗಿ ಅದು ಅಲ್ಲೇ ನಿಂತಿತು. ಆ ಕೆಂಪನ್ನೇ ನೋಡುತ್ತ ಕೂತಳು. ಸ್ವಲ್ಪ ಕಿತ್ತಳೆ ಬೆರೆಸಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು.

ಮೂರನೆಯದು ತಾನಾಗಿಯೇ ಕಣ್ಣಿಗೆ ಬಿತ್ತು. ಕನ್ನಡಕದ ಫ್ರೇಮು ಸಡಿಲವಾಗಿತ್ತೆಂದು ಅಂಗಡಿಗೆ ಹೋಗಿದ್ದಳು. ಪಕ್ಕದ ಮೆಟ್ಟಿಲ ಬಳಿ ಪುಟ್ಟ ಬೋರ್ಡು: 'ರೆಸ್ಯೂಮ್ ಬರೆದುಕೊಡಲಾಗುವುದು. ಮೊದಲು ಮಾತಾಡೋಣ.' ಮೇಲೆ ಹೋದರೆ ಒಂದೇ ಕೋಣೆ, ಮೆಲ್ಲಗೆ ತಿರುಗುವ ಫ್ಯಾನು, ಕಿಟಕಿಯಿಂದ ಜಾರಿ ಬಂದು ನೆಲದ ಮೇಲೆ ಮಲಗಿದ ಬಿಸಿಲು. ತಲೆಗೂದಲು ನರೆತ ಹೆಂಗಸೊಬ್ಬಳು ಕುರ್ಚಿ ಎಳೆದುಕೊಟ್ಟಳು. ಮೊದಲು ಆಕೆ ಪತ್ರಿಕೆಯೊಂದರಲ್ಲಿ ನಿಧನ ವಾರ್ತೆ ಬರೆಯುತ್ತಿದ್ದಳಂತೆ.

"ಸತ್ತೋರನ್ನ ಹೊಗಳಿ ಹೊಗಳಿ ಸಾಕಾಗಿಹೋಯ್ತು. ಬದುಕಿರೋರ ಬಗ್ಗೆ ಬರೆಯೋಣ ಅಂತ ಇಲ್ಲಿಗೆ ಬಂದೆ," ಎಂದಳು ಆಕೆ.

ಬಣ್ಣದಕ್ಕ ನಗಲಿಲ್ಲ. ನೇರವಾಗಿ ಕೇಳಿದಳು: "ನಡುವೆ ಕೆಲವು ವರ್ಷ ಖಾಲಿ ಇವೆ. ಅದಕ್ಕೆ ಏನು ಮಾಡ್ತೀರಿ?"

"ಖಾಲಿನಾ? ನಿಮಗೆ ಹಾಗನ್ಸುತ್ತಾ? ಹೇಳಿ, ಕೇಳೋಣ."

ಅವಳು ಹೇಳತೊಡಗಿದಳು. ಮಂಜು, ಗೇಟುಗಳು, ಗಾಳಿಯಲ್ಲಿ ಓದಿದ ಅಂಕಿಗಳು, ಅಪ್ಪನನ್ನು ಸರ್ ಎಂದು ಕರೆದು ನೀರು ಕೊಟ್ಟವರು, ನಾಯಿ ಬಿಟ್ಟವರು, ಕೊನೆಗೆ ಆ ಗಾಜಿನ ಆಫೀಸು. ನೆಲದ ಬಿಸಿಲು ನಿಧಾನವಾಗಿ ಗೋಡೆ ಹತ್ತಿತು. ಬರಹಗಾರ್ತಿ ಕೇಳುತ್ತ ಗುರುತು ಹಾಕಿಕೊಂಡಳು. ಕೊನೆಗೆ ಬರೆದು ಓದಿ ತೋರಿಸಿದಳು: 'ಮರೆವಿನ ತಂದೆಯನ್ನು ಅಪಾರ ಪ್ರೀತಿ, ಎಣೆಯಿಲ್ಲದ ತಾಳ್ಮೆಯಿಂದ...'

"ಅದನ್ನ ತೆಗೀರಿ," ಎಂದಳು ಬಣ್ಣದಕ್ಕ. "ತಾಳ್ಮೆ ಎಲ್ಲಿಂದ ಬಂತು? ಎಷ್ಟೋ ದಿನ ಬಿಸಿಲಲ್ಲಿ ಕಾಲು ನೋಯ್ತಿದ್ರೆ ಸಿಟ್ಟು ನೆತ್ತಿಗೇರ್ತಿತ್ತು."

"ಅಯ್ಯೋ, ಹಳೇ ಚಾಳಿ ನೋಡಿ. ಸುಟ್ರೂ ಹೋಗಲ್ಲ." ಬರಹಗಾರ್ತಿ ಆ ಸಾಲನ್ನು ಹೊಡೆದುಹಾಕಿ, ಮತ್ತೆ ಬರೆದಳು: 'ಈ ವರ್ಷಗಳಲ್ಲಿ ತಂದೆಯ ಜೊತೆಗಿದ್ದೆ. ಅವರಿಗೆ ಮರೆವಿತ್ತು. ದಿನವೂ ನಡೆಯುತ್ತಿದ್ದೆವು.'

ಅದನ್ನು ಓದಿದಾಗ, ದೂರ ನಡೆದು ಬಂದು ಕೂತ ಹಾಗೆ, ಬಣ್ಣದಕ್ಕನ ಪಾದಗಳು ಬೆಚ್ಚಗಾದವು.

"ನೀವೇ ಬರೆದುಕೊಡಿ," ಎಂದಳು.

"ಯೋಚನೆ ಮಾಡಿ. ಗಾಜಿನ ಆಫೀಸಿನೋರ ಥರ ಥಳಥಳ ಅನ್ನೋ ಹಾಗೆ ಬರೆಯೋಕೆ ನನಗೆ ಬರಲ್ಲ."

"ಬರೆದಿದ್ದನ್ನ ಹೊಡೆದುಹಾಕೋಕೆ ಬರುತ್ತಲ್ಲ, ಅಷ್ಟು ಸಾಕು."

ರೆಸ್ಯೂಮ್ ಬಣ್ಣದ ಕಾರ್ಖಾನೆಗಳಿಗೆಲ್ಲ ಹೋಯಿತು. ಹೆಚ್ಚಿನವರು ಉತ್ತರಿಸಲಿಲ್ಲ. ಒಂದು ಕಡೆಯವರು ಮಾತ್ರ, ಈಗ ಬಣ್ಣ ಹೊಂದಿಸಲು ಯಂತ್ರವಿದೆ, ಜನ ಬೇಡ ಎಂದು ಮರ್ಯಾದೆಯಾಗಿ ತಿಳಿಸಿದರು. ಬೆಟ್ಟ ಅಗೆದರೂ ಇಲಿ ಕೂಡ ಸಿಗಲಿಲ್ಲವಲ್ಲ ಎಂದು ತಮ್ಮ ಗೊಣಗಿದ. ಅಷ್ಟರಲ್ಲಿ ಬರಹಗಾರ್ತಿಯ ಫೋನು ಬಂತು. ಕೆಳಗಿನ ಕನ್ನಡಕದಂಗಡಿಯವರಿಗೆ ಪರಿಚಯದ ಒಬ್ಬ ಮುದುಕರು ಕೃತಕ ಕಣ್ಣು ಮಾಡುತ್ತಾರೆ. ಅವರಿಗೆ ಕೈ ನಡುಗಲು ಶುರುವಾಗಿದೆ. ಬಣ್ಣ ಹಚ್ಚಲು ಜನ ಬೇಕಂತೆ.

"ಕಣ್ಣಿಗೆ ಬಣ್ಣಾನಾ?" ಎಂದು ಬಣ್ಣದಕ್ಕ ಬೆರಗಾದಳು. ಆದರೂ ಹೋದಳು.

ಆ ಕೋಣೆಯಲ್ಲಿ ಅಗಲವಾದ ಕಿಟಕಿಯಿತ್ತು. ಹತ್ತಿ ಹಾಸಿದ ಡ್ರಾಯರುಗಳಲ್ಲಿ ಕಂದು, ಕಪ್ಪು, ಬೂದು ಕಣ್ಣುಗಳು ಏನೋ ಕನಸು ಕಾಣುತ್ತಿರುವಂತೆ ಮಲಗಿದ್ದವು. ಮುದುಕರು ಅವಳ ಹಾಳೆ ಓದಿದರು. ಬೆರಳು 'ದಿನವೂ ನಡೆಯುತ್ತಿದ್ದೆವು' ಎಂಬ ಸಾಲಿನ ಬಳಿ ನಿಂತಿತು.

"ನಡೀವಾಗ ನೀವು ಮುಂದೆ ಇರ್ತಿದ್ರಾ, ಹಿಂದೆ ಇರ್ತಿದ್ರಾ?"

"ಹಿಂದೆ. ಅವರು ಎಲ್ಲಿಗೆ ಹೋಗ್ತಾರೋ ಅಲ್ಲಿಗೆ."

"ಹಾಗಾದ್ರೆ ಕೂತ್ಕೊಳ್ಳಮ್ಮ. ಇಲ್ಲಿಗೆ ಬರೋರಿಗೆ ಕನ್ನಡಿ ನೋಡೋಕೇ ಭಯ. ಅವರನ್ನ ಅವಸರ ಮಾಡೋರು ನನಗೆ ಬೇಡ."

ಕೆಲಸ ಸುಲಭವಿರಲಿಲ್ಲ. ಅವಳು ಮಾಡಿದ ಮೊದಲ ಕಣ್ಣು ಕಿಟಕಿಯ ಬೆಳಕಿನಲ್ಲಿ ಜೀವ ತಳೆದಂತಿತ್ತು. ದೀಪದಡಿ ಹಿಡಿದರೆ ಮಣ್ಣಿನ ಗುಂಡು. "ಗೋಡೆ ನಿಂತಲ್ಲೇ ನಿಂತಿರುತ್ತಮ್ಮ. ಕಣ್ಣು ಊರೆಲ್ಲ ಸುತ್ತುತ್ತೆ," ಎಂದರು ಮುದುಕರು. ಅವಳು ಕೆರೆದು ತೆಗೆದು ಮತ್ತೆ ಶುರುಮಾಡಿದಳು. ಅದೂ ಕೆಟ್ಟಿತು. ಕೊನೆಗೊಂದು ಕಣ್ಣನ್ನು ಅವರು ಅಂಗೈಯಲ್ಲಿಟ್ಟುಕೊಂಡು ಬಾಗಿಲಿಗೆ ಹೋದರು, ದೀಪದಡಿ ಬಂದರು, ಮತ್ತೆ ಬಾಗಿಲಿಗೆ ಹೋದರು. "ನಾಳೆ ಸ್ವಲ್ಪ ಬೇಗ ಬಾ. ಗಿರಾಕಿ ಬರ್ತಾರೆ," ಎಂದಷ್ಟೇ ಹೇಳಿದರು. ಕೆಲಸ ಸಿಕ್ಕಿತೆಂದು ಅವಳಿಗೆ ತಿಳಿದದ್ದು ಹಾಗೆ.

ಸುದ್ದಿ ಕೇಳಿ ತಮ್ಮ ಬಿದ್ದುಬಿದ್ದು ನಕ್ಕ. "ಕಂಪನಿಯೋರ ಕಣ್ಣಿಗೆ ಮಣ್ಣೆರಚು ಅಂದ್ರೆ, ನೀನು ಕಣ್ಣಿಗೆ ಬಣ್ಣ ಹಚ್ಚೋಕೆ ಹೋದ್ಯಲ್ಲಕ್ಕ!"

ಮರುದಿನ ಬಂದವರು ಶಾಲೆಯ ಟೀಚರ್. ಎಡಗಣ್ಣಿಗೆ ಪಟ್ಟಿ ಕಟ್ಟಿತ್ತು. ಬಣ್ಣದಕ್ಕ ಎದುರಿಗೆ ಕುರ್ಚಿ ಹಾಕಿಕೊಂಡು ಅವರ ಬಲಗಣ್ಣನ್ನು ನೋಡತೊಡಗಿದಳು. ಮೊದಲು ಬರೀ ಕಂದು ಕಂಡಿತು. ನೋಡುತ್ತ ನೋಡುತ್ತ ಒಳಗೆ ಜೇನಿನ ಬಣ್ಣ ತೆರೆದುಕೊಂಡಿತು. ಅಂಚಿನಲ್ಲಿ ಮರದ ನೆರಳು ಬಿದ್ದ ನೀರಿನಂಥ ಹಸಿರು. ಟೀಚರ್ ಮೊದಮೊದಲು ಮುಖ ತಿರುಗಿಸುತ್ತಿದ್ದರು. ಬರಬರುತ್ತ ಭುಜ ಸಡಿಲಿಸಿ ನೆಟ್ಟಗೆ ಕೂತರು.

"ಹೇಗಿರಬೇಕು ಹೇಳಿ," ಎಂದಳು ಬಣ್ಣದಕ್ಕ.

"ಯಾವ ಕಣ್ಣು ನೋಡ್ತಿದೆ ಅಂತ ಮಕ್ಕಳಿಗೆ ಗೊತ್ತಾಗಬಾರದು ನೋಡಿ. ಗೊತ್ತಾದ್ರೆ ಎಡಗಡೆ ಬೆಂಚಿನೋರೆಲ್ಲ ಕೆಟ್ಟುಹೋಗ್ತಾರೆ."

ಇಬ್ಬರೂ ನಕ್ಕರು. ನಕ್ಕಾಗ ಆ ಹಸಿರು ಒಮ್ಮೆ ಅಲುಗಿ ಮತ್ತೆ ನಿಂತಿತು. ಬಣ್ಣದಕ್ಕ ಅದನ್ನು ಕಂಡಳು, ಕುಂಚ ಅದ್ದಿದಳು.