ಮಾವನ ಬೆಳಗು

ಸಂಜೆ, ಬೀದಿಯ ಜನರೆಲ್ಲ ದಿನದ ದಣಿವು ಹೊತ್ತು ಮನೆಗೆ ಮರಳುವ ಹೊತ್ತಿಗೆ, ನನ್ನ ಮಾವ ಬಾಗಿಲ ಪಕ್ಕದ ನಲ್ಲಿಯ ಮುಂದೆ ನಿಂತು ಪರಮ ಗಾಂಭೀರ್ಯದಿಂದ ಹಲ್ಲುಜ್ಜುತ್ತಾರೆ. ಎದುರುಮನೆಯವರು "ಊಟ ಆಯ್ತಾ?" ಎಂದರೆ, ಬಾಯ್ತುಂಬ ನೊರೆಯಿಟ್ಟುಕೊಂಡೇ "ಇನ್ನೂ ಮುಖಾನೇ ತೊಳೆದಿಲ್ಲ ಸ್ವಾಮಿ" ಎನ್ನುತ್ತಾರೆ.

ನೂಲಿನ ಗಿರಣಿಯ ರಾತ್ರಿ ಪಾಳಿಯಲ್ಲೇ ಅವರ ಕೂದಲು ನರೆತದ್ದು. ಯಂತ್ರಗಳ ಗದ್ದಲವನ್ನು ಮೀರಿ ಮಾತಾಡಿ ಮಾತಾಡಿ ಕಂಠವು ಶಾಶ್ವತವಾಗಿ ತಾರಸ್ಥಾಯಿಗೇರಿ ನಿಂತಿದೆ. ಗುಟ್ಟು ಹೇಳಿದರೂ ಆಚೆಮನೆಗೆ ಕೇಳುತ್ತದೆ. ನಡಿಗೆಯೋ, ಯಂತ್ರಗಳ ಸಾಲಿನ ನಡುವಣ ಇಕ್ಕಟ್ಟಿಗೆ ಪಳಗಿದ್ದು: ವಿಶಾಲವಾದ ಬೀದಿಯಲ್ಲೂ ಭುಜ ಓರೆ ಮಾಡಿಕೊಂಡೇ ನಡೆಯುತ್ತಾರೆ. ಸೆಕೆಯಲ್ಲೂ ಬಿಡದ ಆ ಬೂದು ಕೋಟಿನ ಮೈತುಂಬ ಹತ್ತಿಯ ಧೂಳು. ಜೇಬಿನಲ್ಲಿ, ನಿದ್ದೆ ಓಡಿಸಲೆಂದು ಮೆಲ್ಲುವ ಬಿಸ್ಕತ್ತು.

ಈಚೆಗೆ ಅವರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ವೈದ್ಯರು, ರಾತ್ರಿ ಪಾಳಿಯವರಿಗೆ ಈ ಅಪಾಯ ತುಸು ಹೆಚ್ಚೆಂದರು. ಮಾವನಿಗೆ ಅದು ಒಗಟು. "ಸಿಹಿ ತಿನ್ನೋದು ಬಾಯಿ, ನಿದ್ದೆಗೆಡೋದು ಕಣ್ಣು. ಇವರ ತಪ್ಪಿಗೆ ಅವರಿಗೆ ದಂಡ ಹಾಕೋದು ಯಾವ ನ್ಯಾಯ ಮಗಳೇ?" ಎಂದು ನನ್ನನ್ನು ಕೇಳಿದರು. ಓದಿದವಳೆಂಬ ಹೆಸರಿಗೆ ಏನೋ ಗೊಣಗಿದೆ.

ಮಾತ್ರೆಯನ್ನು 'ಬೆಳಿಗ್ಗೆ, ತಿಂಡಿಗೆ ಮುಂಚೆ' ಎಂದು ಕೊಟ್ಟಿದ್ದರು. ಮಾವ ಹೇಳಿದ್ದಕ್ಕೆ ತಪ್ಪುವವರಲ್ಲ. ಗಿರಣಿಯಿಂದ ಬಂದವರೇ ಎಳೆಬಿಸಿಲಲ್ಲಿ ನಿಂತು ಮಾತ್ರೆ ನುಂಗಿ, ಹೊದಿಕೆ ಎಳೆದುಕೊಳ್ಳುತ್ತಿದ್ದರು. ತಿಂಡಿ ಎಂದಿನಂತೆ ಎದ್ದ ಮೇಲೆ, ಅಂದರೆ ಸಂಜೆಗೆ. ಇದರಲ್ಲೊಂದು ತಪ್ಪಿದೆಯೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ಅವರ ನಿದ್ದೆ ಕಾಯುವುದೇ ನಮ್ಮ ಮನೆಯ ಧರ್ಮ: ಹಗಲಲ್ಲಿ ಕುಕ್ಕರ್ ಕೂಗುವಂತಿಲ್ಲ, ಕರೆಗಂಟೆಗೆ ಬಟ್ಟೆ ಸುತ್ತಿದೆ, ಮಗು ಅತ್ತರಂತೂ ಅತ್ತೆ ನೋಡುವ ನೋಟಕ್ಕೆ ನನ್ನ ಎದೆಹಾಲು ಬತ್ತಬೇಕು.

ಪಥ್ಯವೆಂದು ಮಾವ ಜೇಬಿನ ಬಿಸ್ಕತ್ತನ್ನೂ ತಿನ್ನದೆ ಬಂದ ದಿನ, ಮಗುವಿನ ಬಟ್ಟೆ ತರಲು ಅವರ ಕೋಣೆಗೆ ಹೋದವಳು ನೋಡುತ್ತೇನೆ: ಹಣೆಯೆಲ್ಲ ಬೆವರು, ದಿಂಬು ಒದ್ದೆ, ಬೆರಳುಗಳು ನಡುಗುತ್ತ ಗಾಳಿಯಲ್ಲಿ ಎಳೆ ಹೊಸೆಯುತ್ತಿವೆ. ಎಬ್ಬಿಸಲೇ? ಬಾಗಿಲಲ್ಲಿ ಅತ್ತೆ, ತುಟಿಯ ಮೇಲೆ ಬೆರಳು.

"ಈಗಷ್ಟೇ ಕಣ್ಣು ಹತ್ತಿದೆ. ನಿಂಗೆ ಎಲ್ಲದಕ್ಕೂ ಭಯ ಕಣೇ. ಮಗು ಆಕಳಿಸಿದ್ರೂ ಡಾಕ್ಟರ್ ಹತ್ರ ಓಡ್ತೀಯ."

ಅದೂ ನಿಜವೇ. ನನ್ನ ಭಯಗಳಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು ಎಂಬುದು ನನಗೇ ತಿಳಿಯದು. ಹೊರಗೆ ಹೋದೆ, ಮತ್ತೆ ಬಂದೆ. ಕೊನೆಗೆ ಭುಜ ಹಿಡಿದು ಅಲುಗಾಡಿಸಿದೆ. "ಮಾವ, ಏಳಿ! ಮಾವ!"

ಕಣ್ತೆರೆದು ನನ್ನನ್ನೇ ದಿಟ್ಟಿಸಿದರು. ಎಂದೂ ಇಲ್ಲದಷ್ಟು ಮೆಲ್ಲಗೆ ಕೇಳಿದರು: "ಎಳೆ ಕಡಿದಿದೆ... ನೀನು ಯಾವ ಪಾಳಿಯವಳಮ್ಮ?"

ಆ ಮೆಲುದನಿಗೇ ಅತ್ತೆಯ ಜೀವ ಬಾಯಿಗೆ ಬಂತು. ಒರಗಿಸಿ ಕೂರಿಸಿ, ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಮುಖಕ್ಕೆ ಕಳೆ ಮರಳಿತು, ಅದರ ಹಿಂದೆಯೇ ಗಂಟಲೂ. "ಸಕ್ಕರೆ ಬಿಡು ಅಂತೀರ, ಸಕ್ಕರೇನೇ ಕುಡಿಸ್ತೀರ!" ಎಂದು ಗುಡುಗಿದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕೂಡಲೇ ವೈದ್ಯರ ಬಳಿ ಕರೆದೊಯ್ದೆವು. ಮಾತ್ರೆ ನುಂಗಿ ಉಣ್ಣದೆ ಮಲಗಿದ್ದಕ್ಕೇ ರಕ್ತದ ಸಕ್ಕರೆ ತೀರಾ ಇಳಿದುಹೋಯಿತೆಂದ ವೈದ್ಯರು, "ನಿಮಗೆ ಬೆಳಿಗ್ಗೆ ಅಂದ್ರೆ ಯಾವಾಗ?" ಎಂದು ಕೇಳಿದರು. ಮಾವ ಕೋಟಿನ ತೋಳಿಗಂಟಿದ ಹತ್ತಿ ಕೊಡವಿದರು.

"ಗಿರಣಿ ಸೇರಿದಾಗಿಂದ ಅದನ್ನೇ ಹುಡುಕ್ತಾ ಇದೀನಿ ಸಾರ್."

ಮಾತ್ರೆಯ ಹೊತ್ತು ಸಂಜೆಯ ತಿಂಡಿಗೆ ಮುಂಚೆ ಎಂದು ಬದಲಾಗಿದೆ. ನನ್ನ ಗೊಂದಲ ಬದಲಾಗಿಲ್ಲ. ತೊಟ್ಟಿಲಿಗೊಂದು ಕಿವಿ, ಮಂಚಕ್ಕೊಂದು ಕಿವಿ ಕೊಟ್ಟು, ಎಬ್ಬಿಸಲೋ ಬೇಡವೋ ಎಂದು ಈಗಲೂ ಅವರ ಬಾಗಿಲಲ್ಲಿ ನಿಲ್ಲುತ್ತೇನೆ. ಊರೆಲ್ಲ ಏಳುವಾಗ ಮಲಗುವ ಇಂಥ ಜೀವಗಳಿಗೆ ಲೋಕದ ಗಡಿಯಾರ ಹೊಂದದು, ದೇಹದ ಗಡಿಯಾರ ಒಲಿಯದು. ಎರಡರ ನಡುವಣ ಇಕ್ಕಟ್ಟಿನಲ್ಲಿ ಅವರು ಭುಜ ಓರೆ ಮಾಡಿಕೊಂಡು ಸದ್ದಿಲ್ಲದೆ ದಾಟುತ್ತಿರುತ್ತಾರೆ. ಅವರಿಗೆ ನಾವು ಕೊಡಬಲ್ಲದ್ದು ಮೌನವೊಂದೇ ಎಂದುಕೊಂಡಿರುತ್ತೇವೆ. ಆ ಮೌನ ಆರೈಕೆಯೋ, ಕೈಬಿಟ್ಟದ್ದೋ ಎಂಬುದು ಮಾತ್ರ, ಹತ್ತಿರ ಹೋಗಿ ಹಣೆ ಮುಟ್ಟುವವರೆಗೆ ತಿಳಿಯುವುದಿಲ್ಲ.